ಪಾಸ್ಕ ಬೆಳಗಿನ ಒಂದು ಗುಟುಕು

ಮಾಗಡಿ ರಸ್ತೆಯ ಇನ್ನಾಸಪ್ಪನಿಗೆ ಹನ್ನೊಂದು ವರ್ಷದಿಂದ ಭಾನುವಾರದ ಪೂಜೆ ಎಂದರೆ ದೇವಾಲಯದ ಅಂಗಳದ ಹೊಂಗೆಮರ. ಒಳಗೆ ಲತೀನು ಮಂತ್ರ, ಹೊರಗೆ ನೆರಳು. ಒಳಗಿನಿಂದ ಗಂಟೆ ಕೇಳಿಸಿದಾಗ ಮರದಡಿಯಲ್ಲೇ ಒಂದು ಮಂಡಿ ಊರಿ, ಬೀಡಿ ಹಿಡಿದ ಕೈಯನ್ನು ಬೆನ್ನ ಹಿಂದೆ ಮರೆಮಾಡಿ, ಇನ್ನೊಂದು ಕೈಯಲ್ಲಿ ಶಿಲುಬೆಯ ಗುರುತು ಹಾಕಿಕೊಂಡು ಏಳುತ್ತಿದ್ದ. ದೇವರನ್ನು ಬಿಟ್ಟವನಲ್ಲ, ಒಂದಿಷ್ಟು ದೂರದಲ್ಲಿ ಇಟ್ಟವನು, ಅಷ್ಟೇ.

ದೂರಕ್ಕೆ ಕಾರಣ ಹುಣಿಸೆಬೀಜ.

ಯುದ್ಧದ ಕಾಲದಲ್ಲಿ ಕಾಫಿಬೀಜಕ್ಕೆ ಬರ ಬಂದಾಗ ಇನ್ನಾಸಪ್ಪ ತನ್ನ ಕಾಫಿ ಕ್ಲಬ್ಬಿನ ಪುಡಿಗೆ ಹುರಿದ ಹುಣಿಸೆಬೀಜ ಬೆರೆಸಲು ಶುರುಮಾಡಿದ್ದ. ಮೂರು ಪಾಲು ಕಾಫಿ, ಒಂದು ಪಾಲು ಬೀಜ. ಯುದ್ಧ ಮುಗಿಯಿತು, ಬೀಜ ಮುಗಿಯಲಿಲ್ಲ. ಬಾಗಿಲ ಮೇಲಿನ ಬೋರ್ಡಿನಲ್ಲಿ ಮಾತ್ರ ‘ಅಪ್ಪಟ ಕಾಫಿ’ ಎಂದೇ ಇತ್ತು. ಮುಕ್ಕಾಲು ನಿಜ, ಆ ಕಾಲಕ್ಕೆ ಅದೇನು ಕಡಿಮೆಯಲ್ಲ. ಪಾಪನಿವೇದನೆಗೆ ಹೋದರೆ ಬೀಜದ ವಿಷಯ ಸ್ವಾಮಿಗಳಿಗೆ ಹೇಳಬೇಕು, ಹೇಳಿದರೆ ಬಿಡಬೇಕು, ಬಿಟ್ಟರೆ ಆ ರುಚಿಗೇ ಒಗ್ಗಿಹೋದ ಗಿರಾಕಿಗಳು ಅವನನ್ನು ಬಿಡುತ್ತಾರೆ. ನಿವೇದನೆಯಿಲ್ಲದೆ ಪೂಜೆಯಲ್ಲಿ ಕೊಡುವ ಸತ್ಪ್ರಸಾದದ ರೊಟ್ಟಿಯಿಲ್ಲ. ಒಳಗೆ ಕೂತು ಅದನ್ನು ತೆಗೆದುಕೊಳ್ಳದಿದ್ದರೆ ಊರೆಲ್ಲ ನೋಡುತ್ತದೆ. ಹೀಗಾಗಿ ಹೊಂಗೆಮರ.

ಐವತ್ತಾರರಲ್ಲಿ, ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ, ಈ ಏರ್ಪಾಡಿಗೆ ಅಡ್ಡ ಬಂದವರು ಉಪದೇಶಿ ಸಂತಿಯಾಗಪ್ಪನವರು. ಕೆಂಗೇರಿ ಕಡೆಯ ಹಳ್ಳಿಯಿಂದ ಸೈಕಲ್ಲಿನಲ್ಲಿ ಬಂದು ದೇವಾಲಯದಲ್ಲಿ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುವವರು. ಪ್ರಶ್ನೋತ್ತರ ಒಪ್ಪಿಸಿಕೊಂಡೂ ಒಪ್ಪಿಸಿಕೊಂಡೂ ಅವರ ಸ್ವಂತ ಮಾತೂ ಹಾಗೇ ಆಗಿಹೋಗಿತ್ತು. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಎದುರಿದ್ದವರ ಪಾಲಿಗೆ ಉಳಿಯುತ್ತಿದ್ದದ್ದು ‘ಆಮೆನ್’ ಮಾತ್ರ. ಅವರ ಮಗ ದೇವಸಹಾಯ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರು. ಇನ್ನಾಸಪ್ಪನ ಮಗಳು ಫಿಲೋಮಿನಾ ದೇವಾಲಯದ ಹಾಡಿನ ಗುಂಪಿನಲ್ಲಿ ಮೊದಲನೆಯವಳು. ಹುಡುಗ ಹಾಡು ಬಾರದಿದ್ದರೂ ಆ ಗುಂಪು ಸೇರಿದ್ದ, ಉಳಿದದ್ದನ್ನು ಊರೇ ಊಹಿಸಿಕೊಂಡಿತ್ತು.

ಸಂಬಂಧದ ಮಾತು ಬಂದಾಗ ಉಪದೇಶಿಗಳು ಮೂಗಿನ ದನಿಯಲ್ಲಿ ಶುರುಮಾಡಿದರು: “ಮದುವೆ ಎಂದರೇನು? ಸಂಸ್ಕಾರ. ಸಂಸ್ಕಾರ ಎಲ್ಲಿ ಹುಟ್ಟುತ್ತೆ? ಮನೇಲಿ. ಮನೆಗೆ ತಲೆ ಯಾರು? ತಂದೆ. ಆ ತಲೆ ಎಲ್ಲಿದೆ? ಹೊಂಗೆಮರದ ಕೆಳಗೆ!”

ಇನ್ನಾಸಪ್ಪ ಆ ತಲೆಯನ್ನು ಕೆರೆದುಕೊಂಡ.

“ಪಾಸ್ಕ ದಿನ ಸತ್ಪ್ರಸಾದದ ಕಟಕಟೆ ಮುಂದೆ ನಿಮ್ಮನ್ನ ನೋಡ್ತೀನಿ ಇನ್ನಾಸಪ್ಪನೋರೇ. ನೋಡಿದ್ರೆ ಅವತ್ತೇ ನಿಮ್ಮ ಮನೇಲಿ ಊಟ, ಅವತ್ತೇ ಮಾತು. ನೋಡ್ಲಿಲ್ವಾ, ನಮ್ಮ ಸೈಕಲ್ಲು ಈ ರಸ್ತೇಲಿ ನಿಲ್ಲಲ್ಲ.”

ಆ ಸಂಜೆ ಹೆಂಡತಿ ಲೂರ್ದಮ್ಮ ಹೆಚ್ಚೇನೂ ಅನ್ನಲಿಲ್ಲ. “ಮಗಳನ್ನೂ ಆ ಮರಕ್ಕೇ ಕಟ್ಟಿಬಿಡಿ, ನೆರಳಾದ್ರೂ ಇದೆ,” ಎಂದಳು, ಅಷ್ಟೇ.

ಪವಿತ್ರ ಶನಿವಾರ ಸಂಜೆ ಇನ್ನಾಸಪ್ಪ ಪಾಪನಿವೇದನೆಯ ಜಾಲರಿಯ ಮುಂದೆ ಮಂಡಿಯೂರಿದ. ಆಚೆ ಇದ್ದವರು ಫಾದರ್ ಗಸ್ತೋನ್, ಫ್ರಾನ್ಸಿನವರು. ಕತ್ತಲಾದರೆ ಕೋಲು ಹಿಡಿದು ಬೀದಿ ಸುತ್ತಿ, ಯಾರ ಮನೆಯಲ್ಲಿ ಜಪಸರ ನಡೆಯುತ್ತಿದೆ ಯಾರ ಮನೆಯಲ್ಲಿ ಇಸ್ಪೀಟು ನಡೆಯುತ್ತಿದೆ ಎಂದು ಕಿಟಕಿಗೆ ಕಿವಿಕೊಡುತ್ತಿದ್ದುದರಿಂದ ಊರವರ ಬಾಯಲ್ಲಿ ಅವರು ‘ಗಸ್ತಿ ಸ್ವಾಮಿ’. ಕನ್ನಡವನ್ನು ವ್ಯಾಕರಣದ ಪುಸ್ತಕದಿಂದ ಕಲಿತವರು, ಆದ್ದರಿಂದ ಊರಿನಲ್ಲಿ ಶುದ್ಧ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. ಆದರೆ ಟ, ಡ, ಣ, ಳ ಅವರ ನಾಲಿಗೆಗೆ ಹತ್ತುತ್ತಿರಲಿಲ್ಲ. ಹಕಾರವಂತೂ ಹಡಗಿನಲ್ಲಿ ಬರುವಾಗಲೇ ಸಮುದ್ರದ ಪಾಲಾಗಿತ್ತು.

“ಏನನ್ನು ಬೆರೆಸಿದೆ?”

“ಹುಣಿಸೆಬೀಜ, ಸ್ವಾಮಿ.”

“ಉನಿಸೆಬೀಜವೋ! ಎಷ್ತು ಕಾಲದಿಂದ?”

“ಯುದ್ಧದಿಂದ.”

ಜಾಲರಿಯ ಆಚೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಮೆಲ್ಲಗೆ, “ನೀನು ಬಾನುವಾರ ನನ್ನ ಬಂಗಲೆಗೆ ಕೊತ್ತು ಕಲುಇಸುವ ಕಾಪಿಯಲ್ಲಿಯೂ?”

“ತಮ್ಮ ಲೋಟಕ್ಕೆ ಸ್ವಲ್ಪ ಕಮ್ಮಿ, ಸ್ವಾಮಿ.”

ಗಸ್ತಿ ಸ್ವಾಮಿ ನಿಟ್ಟುಸಿರುಬಿಟ್ಟರು. ನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆ ಹುಬ್ಬಿನಲ್ಲೂ ತೋರಿಸುವಂತಿಲ್ಲ. ತಾವು ಇಷ್ಟು ವರ್ಷ ಚಪ್ಪರಿಸಿದ್ದು ಏನೆಂದು ತಿಳಿದ ಮೇಲೂ ತಿಳಿಯದವರಂತೆ ಇರಬೇಕು. “ನಾಲೆಯಿಂದಲೇ ಬಿದಬೇಕು. ನಾದಿದ್ದು ಅಲ್ಲ, ನಾಲೆ,” ಎಂದು ಕಟ್ಟುಮಾಡಿ ಪಾಪಕ್ಷಮೆ ಕೊಟ್ಟರು.

ಹೊರಗೆ ಬಂದ ಇನ್ನಾಸಪ್ಪನಿಗೆ ಏನೋ ಆಗಿತ್ತು. ಮಗಳ ಮದುವೆಗಾಗಿ ಒಳಗೆ ಹೋದವನು ತಾನು, ಹೊರಗೆ ಬಂದವನು ಯಾರೋ ಬೇರೆ ಎನಿಸಿತು. ರಾಜಾಜಿನಗರದ ಕಡೆ ಹೊಲಗಳನ್ನು ಸಮ ಮಾಡಿ, ನಾಲ್ಕು ಮೂಲೆಗೆ ಕಲ್ಲು ನೆಟ್ಟು, ಇನ್ನೂ ಏನೂ ಕಟ್ಟದೆ ಬಿಟ್ಟಿದ್ದ ಸೈಟುಗಳು ಸಂಜೆ ಬೆಳಕಿನಲ್ಲಿ ಕಾಣುತ್ತಿದ್ದವು. ತನ್ನೆದೆಯೂ ಹಾಗೇ ಎಂದುಕೊಂಡ: ಕಸವಿಲ್ಲ, ಕಳೆಯಿಲ್ಲ, ಇನ್ನು ಏನು ಬೇಕಾದರೂ ಕಟ್ಟಬಹುದು. ಮನೆಗೆ ಬಂದವನೇ ಹುಣಿಸೆಬೀಜದ ಪುಡಿಯ ಡಬ್ಬವನ್ನು ಹಿತ್ತಲಲ್ಲಿ ಸುರಿದ. ಕೋಳಿಗಳು ಬಂದು ಮೂಸಿ ನೋಡಿ ಹೋದವು.

ಬೆಳಗಾದರೆ ಪಾಸ್ಕ, ಯೇಸು ಸಾವಿನಿಂದ ಎದ್ದ ಹಬ್ಬ. ಆ ವರ್ಷ ಅದು ಏಪ್ರಿಲ್ ಒಂದನೆಯ ತಾರೀಖಿಗೆ ಬಿದ್ದಿತ್ತು.

ಪೂಜೆಗೆ ಇನ್ನೂ ಹೊತ್ತಿತ್ತು. ತರಕಾರಿ ಗಾಡಿಗಳು ಮಾಗಡಿ ಕಡೆಯಿಂದ ಸುಂಕದಕಟ್ಟೆ ದಾಟಿ ಮಾರ್ಕೆಟ್ಟಿಗೆ ಹೋಗುವ ಸಮಯ. ಹಬ್ಬವೆಂದು ಎತ್ತುಗಳು ನಿಲ್ಲುವುದಿಲ್ಲ, ಗಾಡಿಯವರ ಬಾಯಾರಿಕೆಯೂ ನಿಲ್ಲುವುದಿಲ್ಲ. ಕ್ಲಬ್ಬಿನ ಬಾಗಿಲು ತೆರೆಯಲು ಹೊರಟ ಗಂಡನನ್ನು ಲೂರ್ದಮ್ಮ ತಡೆದು ನಿಲ್ಲಿಸಿದಳು. “ನಡುರಾತ್ರಿಯಿಂದ ಉಪವಾಸ. ಬಾಯಿಗೆ ಏನೂ ಹಾಕ್ಕೋಬೇಡಿ, ಗೊತ್ತಾಯ್ತಾ? ನೀರೊಂದು ಬಿಟ್ಟು.”

“ಮಗು ಏನೇ ನಾನು?”

“ಮಗು ಆಗಿದ್ರೆ ಹೇಳ್ತಿರಲಿಲ್ಲ. ಕೈ ಕಟ್ಟಾಕ್ತಿದ್ದೆ.”

ನೀರು ಕುಡಿದರೆ ಉಪವಾಸ ಮುರಿಯದು ಎಂದು ರೋಮಿನಿಂದ ಅಪ್ಪಣೆ ಬಂದು ಮೂರು ವರ್ಷವಾಗಿತ್ತು. ನೀರಿನ ಹೊರತು ಬೇರೆ ಒಂದು ಹನಿ ಒಳಗೆ ಹೋದರೂ ಆವತ್ತು ಸತ್ಪ್ರಸಾದ ಇಲ್ಲ. ಇದು ಇನ್ನಾಸಪ್ಪನಿಗೆ ಮೊದಲ ಸತ್ಪ್ರಸಾದದ ದಿನದಿಂದ ಗೊತ್ತಿದ್ದ ಕಟ್ಟಳೆ. ಆದರೆ ಅದು ಗೊತ್ತಿದ್ದದ್ದು ತಲೆಗೆ. ಹನ್ನೊಂದು ವರ್ಷದಿಂದ ನಾಲಿಗೆಗೆ ಯಾರೂ ನೆನಪು ಮಾಡಿರಲಿಲ್ಲ.

ಬಾಯ್ಲರು ಹೊತ್ತಿಸಿ, ಬಟ್ಟೆಯ ಚೀಲದಲ್ಲಿ ಬೀಜ ಬೆರೆಸದ ಪುಡಿ ಹಾಕಿ, ಕುದಿನೀರು ಸುರಿದ. ಡಿಕಾಕ್ಷನ್ನು ಇಳಿಯುತ್ತಿದ್ದಂತೆ ಎಂದೂ ಇಲ್ಲದ ವಾಸನೆ ಕ್ಲಬ್ಬನ್ನೆಲ್ಲ ತುಂಬಿತು. ಮೊದಲ ಗಿರಾಕಿ ಗಾಡಿ ಮುನಿಯಪ್ಪ, ಹಳೆಯ ಸ್ನೇಹಿತ. ಒಂದು ಗುಟುಕು ಕುಡಿದವನೇ ಲೋಟವನ್ನು ದೂರ ಹಿಡಿದು ನೋಡಿದ.

“ಏನಣ್ಣೋ, ಕಾಪಿ ಕೆಟ್ಟೋಗೈತಲ್ಲ!”

“ಕೆಡೋದಾ? ಅಪ್ಪಟ ಕಾಫಿ ಕಣೋ ಅದು.”

“ಅಪ್ಪಟವೋ ಚಪ್ಪಟೆಯೋ, ನಿನ್ನೆಗಂಟ ಸಂದಾಗಿತ್ತು. ಗಟ್ಟಿಗಿತ್ತು. ಗಂಟ್ಲಲ್ಲಿ ಹಿಡ್ಕಂಡು ನಿಲ್ತಿತ್ತು. ಇದೇನಿದು, ಸರ್ರಂತ ಜಾರೋಯ್ತದೆ?”

“ಇದೇ ಒಳ್ಳೇದು. ಹಳೇದೇ ಕೆಟ್ಟದ್ದು.”

“ಹುಚ್ಚಾ ನಿಂಗೆ? ತಗಾ, ನೀನೇ ಕುಡ್ದು ನೋಡು.”

ವ್ಯಾಪಾರಿಯ ಮಾನದ ಪ್ರಶ್ನೆ. ಇನ್ನಾಸಪ್ಪ ಇನ್ನೊಂದು ಲೋಟಕ್ಕೆ ಸುರಿದು, ತುಟಿ ತಾಗದಂತೆ ಎತ್ತಿ, ಒಂದು ಗುಟುಕು ಕುಡಿದ. ಆಹಾ! ಯುದ್ಧಕ್ಕೆ ಮುಂಚಿನ ರುಚಿ. ಕಣ್ಣು ಮುಚ್ಚಿ ತಲೆದೂಗಿದ. ಆ ಹೊತ್ತಿಗೇ ದೇವಾಲಯದ ಮೊದಲ ಗಂಟೆ ಹೊಡೆಯಿತು, ಮುಚ್ಚಿದ ಕಣ್ಣು ತೆರೆಯಿತು, ತೆರೆದ ಬಾಯಿ ಮುಚ್ಚಲಿಲ್ಲ.

“ಯಾಕಣ್ಣ? ನಾಲ್ಗೆ ಸುಟ್ಟೋಯ್ತಾ?”

“ನಾಲಿಗೆ ಅಲ್ಲ ಕಣೋ ಮುನಿಯಪ್ಪ, ಮದುವೆ ಸುಟ್ಟೋಯ್ತು.”

ಮುನಿಯಪ್ಪನಿಗೆ ಅರ್ಥವಾಗಲಿಲ್ಲ. ಲೋಟ ಇಟ್ಟು, “ನಾಳಿಕ್ಕೆ ನೆಟ್ಟಗೆ ಮಾಡು,” ಎಂದು ಎತ್ತು ಹೊಡೆದುಕೊಂಡು ಹೊರಟ.

ದೇವಾಲಯದ ಕಡೆ ಓಡುವಾಗ ಇನ್ನಾಸಪ್ಪನ ತಲೆಯಲ್ಲಿ ವಕೀಲನೊಬ್ಬ ಎದ್ದು ನಿಂತ. ಒಂದೇ ಗುಟುಕು. ನೋಡಿದವನು ಮುನಿಯಪ್ಪ, ಅವನಿಗೆ ಸತ್ಪ್ರಸಾದವೂ ಗೊತ್ತಿಲ್ಲ ಉಪವಾಸವೂ ಗೊತ್ತಿಲ್ಲ. ನೀರಿಗೆ ಅಪ್ಪಣೆ ಇದೆ. ಕಾಫಿಯಲ್ಲಿ ಹೆಚ್ಚು ಪಾಲು ನೀರೇ ತಾನೆ? ನಿನ್ನೆಯ ಕಾಫಿಯಾಗಿದ್ದರೆ ಅದನ್ನು ಕಾಫಿಯೆನ್ನುವುದೇ ಕಷ್ಟ, ಹುಣಿಸೆಬೀಜ ಕುದಿಸಿದ ನೀರು. ನೀರೆಂದೇ ಲೆಕ್ಕ ಹಾಕಿ ಕಣ್ಣು ಮುಚ್ಚಿಕೊಂಡು ಕಟಕಟೆಗೆ ಹೋಗಬಹುದಿತ್ತು. ಆದರೆ ಇವತ್ತಿನದು ಅಪ್ಪಟ. ಪಶ್ಚಾತ್ತಾಪಪಟ್ಟು ಮಾಡಿದ ಕಾಫಿಯೇ ಅವನನ್ನು ಹಿಡಿದುಕೊಟ್ಟಿತ್ತು.

ಸ್ವಾಮಿಗಳನ್ನು ಕೇಳೋಣವೆಂದರೆ ಅವರು ಆಗಲೇ ಪೀಠದ ಮುಂದೆ. ಲೂರ್ದಮ್ಮನಿಗೆ ಹೇಳೋಣವೆಂದರೆ ಅವಳು ಹೆಂಗಸರ ಕಡೆ, ತಲೆ ತುಂಬ ಸೆರಗು, ಮುಖ ತುಂಬ ಗೆಲುವು. ಹಿಂದೆ ಎಲ್ಲಾದರೂ ಗೋಡೆಗೆ ಒರಗೋಣವೆಂದರೆ ಉಪದೇಶಿಗಳೇ ಬಂದು ಕೈಹಿಡಿದು, ಎಲ್ಲರಿಗೂ ಕಾಣುವಂತೆ ಮೊದಲ ಚಾಪೆಯಲ್ಲಿ ಕೂರಿಸಿದರು.

ಗಸ್ತಿ ಸ್ವಾಮಿ ಪ್ರಸಂಗ ಮಾಡಿದರು: “ಅಲೆಯ ಮನುಷ್ಯನು ಸತ್ತನು! ಒಸ ಮನುಷ್ಯನು ಎದ್ದನು!” ಊರೆಲ್ಲ ಹೊಸ ಮನುಷ್ಯನ ಬೆನ್ನನ್ನೇ ನೋಡುತ್ತಿತ್ತು. ಬೆನ್ನಿನಲ್ಲಿ ಬೆವರು.

ಸತ್ಪ್ರಸಾದದ ಗಂಟೆ ಹೊಡೆಯಿತು. ಸ್ವಾಮಿಗಳು ಲತೀನಿನಲ್ಲಿ ಹೇಳಿದ್ದನ್ನು ಉಪದೇಶಿಗಳು ಕನ್ನಡದಲ್ಲಿ ಹೇಳಿಸಿದರು. ‘ಸ್ವಾಮಿ, ನಾನು ಯೋಗ್ಯನಲ್ಲ’ ಎಂದು ಮೂರು ಸಲ ಎಲ್ಲರೂ ಎದೆ ಬಡಿದುಕೊಂಡರು; ಬಡಿದುಕೊಂಡು, ಎದ್ದು, ಸಾಲಾಗಿ ಮುಂದೆ ಹೋದರು. ಹೇಳಿದ ಮಾತಿಗೆ ತಪ್ಪದೆ ಕೂತಿದ್ದವನು ಇನ್ನಾಸಪ್ಪ ಒಬ್ಬನೇ.

ಏಳಬಹುದಿತ್ತು. ಮಂಡಿ ಒಂದು ಸಲ ಎದ್ದೂ ಎದ್ದಿತು. ಕಟಕಟೆಯ ಮೇಲೆ ಬಿಳಿ ಬಟ್ಟೆ, ಅದರ ಮುಂದೆ ಕೈಮುಗಿದ ಮಗಳು, ಒಂದಾಳು ಬಿಟ್ಟು ದೇವಸಹಾಯ. ಹತ್ತು ಹೆಜ್ಜೆ ನಡೆದರೆ ಎಲ್ಲವೂ ಸಲೀಸು. ಆದರೆ ನಿನ್ನೆ ಸಂಜೆ ಸಮ ಮಾಡಿದ ಸೈಟಿನಲ್ಲಿ ಮೊದಲು ಕಟ್ಟುವುದೇ ಕಳ್ಳಗೋಡೆಯೇ? ಹನ್ನೊಂದು ವರ್ಷದಲ್ಲಿ ಒಂದೇ ಒಂದು ರಾತ್ರಿ ಹಗುರಾಗಿ ಮಲಗಿದ್ದ. ಆ ಹಗುರವನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಮತ್ತೆ ಕೂತ. ಕಣ್ಣಿನಿಂದ ಒಂದು ಹನಿ ಜಾರಿ ಮೀಸೆಗೆ ಬಂತು. ಧೂಪದ ಹೊಗೆಯೆಂದು ತನಗೇ ಹೇಳಿಕೊಂಡ, ತಾನೇ ನಂಬಲಿಲ್ಲ.

ಪೂಜೆ ಮುಗಿದು ಅಂಗಳಕ್ಕೆ ಬರುವಷ್ಟರಲ್ಲಿ ಆ ಒಂದು ಗುಟುಕು ಊರವರ ಬಾಯಲ್ಲಿ ಕೆರೆಯಾಗಿತ್ತು. ನಿನ್ನೆ ನಿವೇದನೆ, ಇವತ್ತು ಸತ್ಪ್ರಸಾದ ಇಲ್ಲ. ಅಂದ ಮೇಲೆ ನಡುವೆ ಮಹಾಪಾಪವೇ ನಡೆದಿರಬೇಕು. ಪಕ್ಕದ ಮನೆಯ ಸೂಸಮ್ಮ ಹೊಂಗೆಮರದ ಕೆಳಗೆ ಸಭೆ ಸೇರಿಸಿದ್ದಳು. “ಯಾರೋ ಇದಾಳಂತೆ ಕಣ್ರೇ, ಮಾಗಡಿ ಕಡೆಯೋಳು!” ಎಂದು ಒಬ್ಬಳು. “ಅಯ್ಯೋ, ಒಬ್ಬಳೇನಾ?” ಎಂದಳು ಸೂಸಮ್ಮ, ನಿರಾಸೆಯಿಂದ.

ಲೂರ್ದಮ್ಮ ಮನೆ ಸೇರುವವರೆಗೂ ಬಾಯಿ ಬಿಡಲಿಲ್ಲ. ಸೇರಿದ ಮೇಲೆ ಮುಚ್ಚಲಿಲ್ಲ. “ನಿನ್ನೆ ಸಂಜೆ ನಿವೇದನೆ ಮಾಡಿ ಬಂದ್ರಿ. ರಾತ್ರಿಯೆಲ್ಲ ನನ್ನ ಪಕ್ಕದಲ್ಲೇ ಗೊರಕೆ ಹೊಡೆದ್ರಿ. ಅಷ್ಟರಲ್ಲಿ ಯಾವ ಪಾಪಕ್ಕೆ ಪುರಸೊತ್ತು ಸಿಕ್ತು ನಿಮಗೆ?”

“ಕಾಫಿ ಕುಡಿದೆ ಕಣೇ. ಒಂದು ಗುಟುಕು. ಮರೆತು.”

“ಇವತ್ತು ಏಪ್ರಿಲ್ ಒಂದು ಅಂತ ನಂಗೂ ಗೊತ್ತು. ನಿಜ ಹೇಳಿ.”

“ಅದೇ ನಿಜ.”

“ಕಾಫಿ ಮಾರೋನು ಕಾಫಿ ಕುಡಿದೆ ಅಂತ ಊರ ಮುಂದೆ ಅಳ್ತಾನಾ? ಬ್ಯಾಡ, ಹೇಳಬೇಡಿ. ಮಗಳ ಮುಂದೆ ಕೇಳೋ ಅಂಥದ್ದಲ್ಲ ಅಂತ ಕಾಣತ್ತೆ.”

ಒಲೆಯ ಮೇಲೆ ಹಬ್ಬದ ಮಾಂಸದ ಸಾರು ಕುದಿಯುತ್ತಿತ್ತು. ತಿನ್ನಲು ಯಾರು ಬರುತ್ತಾರೆ? ಫಿಲೋಮಿನಾ ಒತ್ತುಶಾವಿಗೆಯ ತಟ್ಟೆಯ ಮುಂದೆ ಕೂತು ನೊಣ ಓಡಿಸುತ್ತಿದ್ದಳು.

ಆಗ ಬಾಗಿಲ ಮುಂದೆ ಸೈಕಲ್ಲಿನ ಗಂಟೆ ಕೇಳಿಸಿತು. ಉಪದೇಶಿಗಳು! ಹಿಂದಿನ ಸೀಟಿನಲ್ಲಿ ಮಗ, ಹ್ಯಾಂಡಲಿನಲ್ಲಿ ಕೊಡೆ. ಒಳಗೆ ಬಂದು, ಕೂತು, ಒಂದು ಮಾತೂ ಆಡದೆ ಎರಡು ಸಲ ಸಾರು ಹಾಕಿಸಿಕೊಂಡರು. ಕೈತೊಳೆದ ಮೇಲೆ ಇನ್ನಾಸಪ್ಪನನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು.

“ನಾನು ಎಷ್ಟು ಪಾಸ್ಕ ಕಂಡಿದೀನಿ? ಬೇಕಾದಷ್ಟು. ಪಾಸ್ಕ ದಿನ ಚಾಪೆ ಬಿಟ್ಟು ಏಳದೇ ಇದ್ದ ಗಂಡಸನ್ನ ಕಂಡಿದೀನಾ? ಇಲ್ಲ. ಎಲ್ಲರೂ ಅಷ್ಟು ಪುಣ್ಯವಂತರಾ? ಅದನ್ನ ನನ್ನ ಬಾಯಲ್ಲಿ ಹೇಳಿಸಬೇಡಿ.” ಉಪದೇಶಿಗಳ ಮೂಗು ಕೆಂಪಾಯಿತು. “ನಿಮ್ಮ ಕಣ್ಣೀರು ನೋಡಿದೆ. ನಾನು ಹೋಗೋಣ ಅಂತಿದ್ದೆ, ಆ ಹನಿ ಬಿಡ್ಲಿಲ್ಲ. ಎಂಥಾ ಘೋರ ಪಾಪವೋ, ಎಂಥಾ ಪಶ್ಚಾತ್ತಾಪವೋ! ಯಾವ ಪಾಪ ಅಂತ ಕೇಳ್ತೀನಾ? ಕೇಳಲ್ಲ. ಇಂಥಾ ಮನೆಯಿಂದ ಹೆಣ್ಣು ತರೋಣ ಅನ್ನಿಸಿದೆ.”

ಒಳಬಾಗಿಲಲ್ಲಿ ಲೂರ್ದಮ್ಮ ಶಿಲುಬೆಯ ಗುರುತು ಹಾಕಿಕೊಂಡಳು. ಇನ್ನಾಸಪ್ಪನಿಗೆ ಇದ್ದ ಕೆಲಸ ಇಷ್ಟೇ: ತಲೆ ತಗ್ಗಿಸಿ ಸುಮ್ಮನಿರುವುದು. ತಲೆ ತಗ್ಗಿಸಿದ. ಸುಮ್ಮನಿರಲಾಗಲಿಲ್ಲ.

“ಕಾಫಿ, ಉಪದೇಶಿಗಳೇ.”

“ಆಮೇಲೆ ಕುಡಿಯೋಣ.”

“ಅಲ್ಲ, ಪಾಪ. ಬೆಳಿಗ್ಗೆ ಮರೆತು ಒಂದು ಗುಟುಕು ಕುಡಿದ್ಬಿಟ್ಟೆ. ಉಪವಾಸ ಮುರೀತು. ಅಷ್ಟೇ ಆಗಿದ್ದು.”

ಉಪದೇಶಿಗಳು ಅವನ ಬೆನ್ನು ಸವರಿದರು. “ಎಂಥಾ ವಿನಯ! ಸರಿ, ಕಾಫಿ ಅಂತಲೇ ಇಟ್ಕೊಳ್ಳೋಣ.”

“ಇಟ್ಕೊಳ್ಳೋದಲ್ಲ, ಕಾಫಿನೇ!”

“ಆಯ್ತು, ತರಿಸಿ ಆ ಕಾಫೀನ.”

ತಂದರು. ಉಪದೇಶಿಗಳು ಒಂದು ಗುಟುಕು ಕುಡಿದು, ಮುನಿಯಪ್ಪ ಹಿಡಿದ ಹಾಗೇ ಲೋಟವನ್ನು ದೂರ ಹಿಡಿದರು. “ಇದಕ್ಕಾ ನೀವು ಸತ್ಪ್ರಸಾದ ಬಿಟ್ಟದ್ದು? ನಂಬೋ ಮಾತಾ? ಅಲ್ಲ. ಕಾಫಿ ಕೆಟ್ಟುಹೋಗಿದೆ ಇನ್ನಾಸಪ್ಪನೋರೇ. ನಿಮ್ಮ ಕಾಫಿಗೋಸ್ಕರ ನಾನು ಈ ರಸ್ತೇಲಿ ಸೈಕಲ್ ತುಳೀತಿದ್ದೆ. ನೋಡಿ, ಮದುವೆಗೆ ಮಾತ್ರ ಹಳೇ ಕಾಫಿನೇ ಆಗಬೇಕು. ಅದೊಂದೇ ನನ್ನ ಬೇಡಿಕೆ.”

ಮನೆಯೆಲ್ಲ ಇನ್ನಾಸಪ್ಪನ ಮುಖ ನೋಡಿತು. ಹೂಂ ಎಂದರೆ ಮದುವೆ. ಹೂಂ ಎಂದರೆ ಹುಣಿಸೆಬೀಜ.

“ಆಗಲ್ಲ,” ಎಂದ ಇನ್ನಾಸಪ್ಪ. “ಹಳೇ ಕಾಫಿಲಿ ಹುಣಿಸೆಬೀಜ ಇತ್ತು. ನಿಮಗೆ ಕೊಟ್ಟದ್ದರಲ್ಲೂ ಇತ್ತು. ಅದನ್ನ ನಿನ್ನೆ ನಿವೇದನೇಲಿ ಹೇಳಿ ಬಿಟ್ಟುಬಂದೆ. ಹೊಸ ಪುಡಿ ಹೇಗಿದೆ ಅಂತ ನೋಡಕ್ಕೆ ಹೋಗಿಯೇ ಬೆಳಿ‌ಗ್ಗೆ ಆ ಗುಟುಕು ಕುಡಿದದ್ದು.”

ಮಗಳ ಸಂಬಂಧ ಕೂಡಿಬಂದ ಗಳಿಗೆಯಲ್ಲಿ ಯಾವ ತಂದೆಯೂ ಇಂಥ ಸುಳ್ಳನ್ನು ಕಟ್ಟಿ ಹೇಳುವುದಿಲ್ಲ. ಆದ್ದರಿಂದ ಎಲ್ಲರೂ ಒಮ್ಮೆಲೇ ನಂಬಿದರು. ಲೂರ್ದಮ್ಮ ಗೋಡೆ ಹಿಡಿದುಕೊಂಡಳು. ಉಪದೇಶಿಗಳು ಎದ್ದು, ಕೊಡೆ ತೆಗೆದುಕೊಂಡು, ಹೊಸಿಲ ತನಕ ಹೋಗಿ, ರಸ್ತೆ ನೋಡುತ್ತ ನಿಂತರು. ಘೋರ ಪಾಪಿಯೊಬ್ಬನನ್ನು ಕಳೆದುಕೊಂಡ ದುಃಖವೋ, ತಮ್ಮ ಹೊಟ್ಟೆಗೆ ಹೋದ ಬೀಜಗಳ ನೆನಪೋ, ಬೆನ್ನು ನೋಡಿ ಹೇಳುವುದು ಕಷ್ಟ. ಆಗಲೇ ಹೊರಗೆ ಜಾರಿದ್ದ ದೇವಸಹಾಯ ಮನೆಯ ಮಗ್ಗುಲಲ್ಲಿ ಸೈಕಲ್ಲಿನ ಚಕ್ರದ ಗಾಳಿ ಬಿಡುತ್ತಿದ್ದ ಸದ್ದು ಸುಸ್ಸೆಂದು ಕೇಳಿಸಿತು. ಫಿಟ್ಟರಿಗೆ ಗೊತ್ತಾಗದ್ದೇನಿದೆ; ಈಗ ಅಪ್ಪ ಹೊರಡುವಂತಿರಲಿಲ್ಲ.

ಕೊನೆಗೆ ಉಪದೇಶಿಗಳು ತಿರುಗಿದರು. ತಾವೇ ಉತ್ತರ ಹೇಳದ ಪ್ರಶ್ನೆಯೊಂದು ಅವರ ಬಾಯಿಂದ ಮೊದಲ ಸಲ ಬಂದದ್ದು ಆಗಲೇ.

“ಆ ಬೀಜ... ಹುರಿದು ಹಾಕ್ತಿದ್ರಾ?”

“ಹುರಿದೇ. ಕಪ್ಪಗೆ.”

“ಅದಕ್ಕೇ ಅಷ್ಟು ಚೆನ್ನಾಗಿತ್ತು,” ಎಂದು ಉಪದೇಶಿಗಳು ನಿಟ್ಟುಸಿರುಬಿಟ್ಟರು. ಕೊಡೆಯನ್ನು ಮೂಲೆಗೆ ಒರಗಿಸಿದರು. “ಮದುವೆಗೆ ಟೀ ಮಾಡಿಸಿಬಿಡಿ.”

ಸೋಮವಾರ ನಸುಕಿನಲ್ಲಿ, ಕ್ಲಬ್ಬಿನ ಬಾಗಿಲು ತೆರೆಯುವ ಮೊದಲೇ, ಇನ್ನಾಸಪ್ಪ ದೇವಾಲಯಕ್ಕೆ ಹೋಗಿ ಕಟಕಟೆಯ ಮುಂದೆ ಮಂಡಿಯೂರಿ ಸತ್ಪ್ರಸಾದ ತೆಗೆದುಕೊಂಡ. ನೋಡಲು ಇದ್ದವರು ಕಣ್ಣು ಮಂಜಾದ ಒಂದಿಬ್ಬರು ಮುದುಕಿಯರು, ಮತ್ತೆ ಪೀಠದಲ್ಲಿ ಸ್ವಾಮಿಗಳೊಬ್ಬರು. ಅವರು ಹೋಗಿ ಊರಿಗೆ ಹೇಳುವವರಲ್ಲ. ಕಾಫಿಯ ಕತೆ ಕಿವಿಗೆ ಬಿದ್ದರೂ ಯಾರೂ ನಂಬಲಿಲ್ಲ, ಊರಿನ ಮಟ್ಟಿಗೆ ಮಾಗಡಿ ಕಡೆಯವಳು ಇದ್ದೇ ಇದ್ದಳು. ಅವಳ ಕೃಪೆಯಿಂದಲೋ ಏನೋ, ಆ ಬೇಸಿಗೆಯಲ್ಲಿ ಇನ್ನಾಸಪ್ಪನನ್ನು ನೋಡಲೆಂದೇ ಕ್ಲಬ್ಬಿಗೆ ಬಂದ ಜನ ಅಪ್ಪಟ ಕಾಫಿಯ ರುಚಿಗೂ ನಿಧಾನವಾಗಿ ಒಗ್ಗಿದರು.

ಮರುವರ್ಷ ಪಾಸ್ಕಕ್ಕೆ ಮುಂಚೆ ಗಸ್ತಿ ಸ್ವಾಮಿ ರೋಮಿನ ಹೊಸ ಅಪ್ಪಣೆಯನ್ನು ಓದಿ ಹೇಳಿದರು. ಇನ್ನು ಮೇಲೆ ನಡುರಾತ್ರಿಯಿಂದ ಉಪವಾಸ ಬೇಡ. ಸತ್ಪ್ರಸಾದಕ್ಕೆ ಒಂದು ಗಂಟೆ ಮುಂಚಿನವರೆಗೂ “ಆಲು, ಕಾಪಿ ಮುಂತಾದ ಪಾನಗಲನ್ನು” ಕುಡಿಯಬಹುದು. ಕಾಪಿ ಎನ್ನುವಾಗ ಸ್ವಾಮಿಗಳ ಕಣ್ಣು ಇನ್ನಾಸಪ್ಪನ ಕಡೆ ಹೋಗಲೇ ಇಲ್ಲ. ಹೋಗದಿರಲು ಬಹಳ ಕಷ್ಟಪಡುತ್ತಿತ್ತು. ದೇವಾಲಯದಲ್ಲಿ ಉಳಿದವರೆಲ್ಲ ತಿರುಗಿ ನೋಡಿದರು.

“ಅಯ್ಯೋ ಲೂರ್ದಮ್ಮ,” ಎಂದು ಸೂಸಮ್ಮ ಗಂಡಸರ ಕಡೆಗೂ ಕೇಳಿಸುವಂತೆ ಪಿಸುಗುಟ್ಟಿದಳು, “ಹಾಗಾದ್ರೆ ಅದು ನಿಜವಾಗ್ಲೂ ಕಾಫಿನೇ ಏನೇ?”

ಮೊದಲ ಚಾಪೆಯಲ್ಲಿ, ಅಳಿಯನ ಪಕ್ಕದಲ್ಲಿ ಕೂತಿದ್ದ ಇನ್ನಾಸಪ್ಪ ಮೀಸೆಯಲ್ಲೇ ನಕ್ಕ. ಆ ಪಾಸ್ಕ ಬೆಳಿಗ್ಗೆ ಅವನು ಕಾಫಿ ಮುಟ್ಟಲಿಲ್ಲ. ಅಪ್ಪಣೆ ಪಡೆದು ಕುಡಿದರೆ ಆ ರುಚಿ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.